ಬ್ಯಾಟರಿ ತೆಗೆದ ಮೇಲೂ ತಿರುಗಿದ ಫ್ಯಾನು

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಟ್ಟುವಷ್ಟು ಓದಿದವನೂ ಅಲ್ಲ. ಏಳನೇ ಇಯತ್ತೆಗೇ ಶಾಲೆ ಬಿಟ್ಟೆ. ಆದರೆ ಯಂತ್ರ ಯಾಕೆ ತಿರುಗುತ್ತದೆ, ಯಾಕೆ ನಿಲ್ಲುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಶಹಾಪುರದಲ್ಲಿ ಹದಿನೆಂಟು ವರ್ಷದಿಂದ ನನ್ನದೇ ರಿಪೇರಿ ಅಂಗಡಿ. ಅದಕ್ಕೇ ಆ ರಾತ್ರಿ ಕಂಡದ್ದು ಇನ್ನೂ ಅರಗಿಲ್ಲ.

ಶಟರ್ ಅರ್ಧ ಇಳಿಸಿದ್ದೆ. ಬಗ್ಗಿ ಒಳಗೆ ಬಂದವನನ್ನು ನೋಡಿದೊಡನೆ ಗುರುತು ಹಿಡಿದೆ.

ಮುಕಾದಮ ಬಸಣ್ಣ! ಹತ್ತಿ ಮಿಲ್ಲಿನಲ್ಲಿ ಕೂಲಿ ಹೆಂಗಸರನ್ನು ದುಡಿಸುತ್ತಿದ್ದವನು. ನನ್ನ ಅಕ್ಕ ಶರಣಮ್ಮನೂ ಅವನ ಕೈಕೆಳಗೇ ಇದ್ದಳು. ಒಂದು ದಿನ ಅವಳ ಜಡೆ ಯಂತ್ರಕ್ಕೆ ಸಿಕ್ಕಿತು... ನಮ್ಮೂರು ಸಗರಕ್ಕೆ ಹೆಣ ಬಂತು. ‘ಯಂತ್ರ ಬಂದ್ ಇತ್ತು, ಅವಳೇ ಚಾಲೂ ಮಾಡಿಕೊಂಡಳು’ ಎಂದು ಇವನು ಪೊಲೀಸರಿಗೆ ಹೇಳಿದ. ಊರೆಲ್ಲ ಅಕ್ಕನನ್ನೇ ದಡ್ಡಿ ಎಂದಿತು. ಜೊತೆಯ ಹೆಂಗಸರು ಮಾತ್ರ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದ್ದರು: “ಹತ್ತಿ ಸಿಕ್ಕೊಂಡಿತ್ತವ್ವಾ. ಬಂದ್ ಮಾಡ್ಲಿಕ್ಕ ಹೋದ್ಳು. ಚಾಲೂ ಇದ್ದಾಗ್ಲೇ ತಗಿ ಅಂತ ಅವನೇ ಬೈದ.”

ನಾನು ಶಾಲೆ ಬಿಟ್ಟದ್ದು ಆ ವರ್ಷವೇ. ಅವನಿಗೆ ನನ್ನ ಗುರುತು ಸಿಗಲಿಲ್ಲ.

“ಮೊಮ್ಮಗಳಿಗೆ ತಂದ ಹೊಸ ಲ್ಯಾಪ್‌ಟಾಪ್. ಎಂಟು ದಿನಾನೂ ಆಗಿಲ್ಲ, ಫ್ಯಾನ್ ಹೆಂಗ ಒದರಾಕತ್ತದ ನೋಡು ತಮ್ಮಾ. ಕಂಪನಿಗೆ ಕಳಿಸಿದ್ರ ತಿಂಗಳು ಹಿಡೀತದಂತ.”

“ಕುಂದರ್ರಿ,” ಎಂದೆ. ಗಿರಾಕಿ ಗಿರಾಕಿಯೇ.

ಚಾಲೂ ಮಾಡಿದೆ. ಗುಂಯ್... ಆಮೇಲೆ ಗರಗರ... ಕಟಕ್, ಕಟಕ್. ಬೇರಿಂಗ್ ಕೆಟ್ಟ ಸದ್ದಲ್ಲ, ಏನೋ ಸುತ್ತಿಕೊಂಡ ಸದ್ದು. ತಿರುಪು ಬಿಚ್ಚಿ ಕೆಳಗಿನ ಮುಚ್ಚಳ ತೆಗೆದೆ. ಧೂಳಿನ ಕಣವೂ ಇಲ್ಲ. ಬಿಸಿ ಗಾಳಿಯಲ್ಲಿ ಹತ್ತಿಕಾಳಿನ ಕಮಟು ವಾಸನೆ... ಫ್ಯಾನಿನ ನಡುವೆ ಉದ್ದನೆಯ ಒಂದು ಕೂದಲು.

“ಮೊಮ್ಮಗಳದೇನ್ರಿ?”

“ಅಕಿ ಗಂಡು ಹುಡುಗರಂಗ ಕತ್ತರಿಸ್ಕೊಂಡಾಳ. ಇಷ್ಟುದ್ದದ್ದು ನಮ್ಮ ಮನ್ಯಾಗ ಯಾರಿಗೂ ಇಲ್ಲ.”

ತಿರುಗುವುದಕ್ಕೆ ಕೈ ಹಾಕುವ ಮೊದಲು ಕರೆಂಟ್ ತೆಗೆಯಬೇಕು. ಅಕ್ಕ ಹೋದಾಗಿನಿಂದ ಇದನ್ನು ಒಂದು ದಿನವೂ ತಪ್ಪಿಸಿಲ್ಲ. ಸ್ವಿಚ್ಚಿಗೆ ಕೈ ಚಾಚಿದೆ.

“ಬಂದ್ ಯಾಕ ಮಾಡ್ತಿ? ಚಾಲೂ ಇದ್ದಾಗ್ಲೇ ತಗಿ!”

ಅದೇ ಮಾತು... ಅದೇ ಬಾಯಿ.

ಪ್ಲಗ್ ಕಿತ್ತೆ. ಬ್ಯಾಟರಿಯನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ. ಪರದೆ ಕಪ್ಪಾಯಿತು.

ಫ್ಯಾನು ನಿಲ್ಲಲಿಲ್ಲ. ಇನ್ನೂ ಜೋರಾಯಿತು.

“ಏನ್ ಮಾಡ್ದಿಲೇ?”

“ಏನಿಲ್ರಿ. ಚಾಲೂನೇ ಅದ... ನೀವೇ ತಗೀರಿ.”

ಹಾಗೆ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಬಾಯಿಂದ ಬಂತು.

ಅವನು ಸಿಡುಕಿ ಬೆರಳು ಇಟ್ಟ. ಕೂದಲು ಬೆರಳಿಗೆ ಒಂದು ಸುತ್ತು ಬಂತು... ಎರಡು... ಮೂರು... ಅಂಗೈಯಗಲವೂ ಇಲ್ಲದ ಫ್ಯಾನು ಆ ಗಟ್ಟಿ ಮನುಷ್ಯನನ್ನು ಮೇಜಿಗೆ ಬಗ್ಗಿಸಿತು. ಬೆರಳು ನೇರಳೆ ಹಣ್ಣಿನ ಹಾಗೆ ಕಪ್ಪಾಯಿತು.

“ಕತ್ತರಸೋ! ಕತ್ತರಿ ಹಚ್ಚೋ!”

ಕತ್ತರಿ ನನ್ನ ಕೈಯಲ್ಲೇ ಇತ್ತು.

“ಸಗರದ ಶರಣಮ್ಮನ ತಮ್ಮ ನಾ. ಅವತ್ತ ಮಷಿನ್ ಬಂದ್ ಇತ್ತೇನು?”

ಅವನು ನನ್ನ ಮುಖ ನೋಡಿದ. ಇನ್ನೊಂದು ಕೈಯಿಂದ ಮೇಜು ಒತ್ತಿ ಬೆರಳು ಎಳೆದ. ಕಟಕ್, ಕಟಕ್...

“ಚಾಲೂ ಇತ್ತೋ ಯಪ್ಪಾ... ನಾನೇ ಬಂದ್ ಮಾಡಬ್ಯಾಡ ಅಂದೆ...”

ಫ್ಯಾನು ನಿಂತಿತು.

ಬೆರಳ ಸುತ್ತ ಕೆಂಪು ಗೆರೆ ಉಳಿದಿತ್ತು. ಕೂದಲು ಎಲ್ಲೂ ಇರಲಿಲ್ಲ. ಅವನು ಶಟರಿಗೆ ತಲೆ ಬಡಿಸಿಕೊಂಡು ಓಡಿದವನು ಲ್ಯಾಪ್‌ಟಾಪ್ ಕೇಳಲು ಮತ್ತೆ ಬಂದಿಲ್ಲ.

ಅಂದು ನನಗೆ ಹಾಯೆನಿಸಿತು. ಸುಳ್ಳೇಕೆ ಹೇಳಲಿ? ಅವನು ಒಪ್ಪದೇ ಹೋಗಿದ್ದರೆ ಆ ಕೂದಲಿಗೆ ನಾನು ಕತ್ತರಿ ಹಚ್ಚುತ್ತಲೇ ಇರಲಿಲ್ಲ.

ಲ್ಯಾಪ್‌ಟಾಪ್ ಮೇಲಿನ ಹಲಗೆಯಲ್ಲಿದೆ, ಮುಚ್ಚಳ ತೆರೆದ ಹಾಗೇ. ನನ್ನ ಅಂಗಡಿಯಲ್ಲಿ ಕೆಲಸ ಅರ್ಧಕ್ಕೆ ನಿಂತ ವಸ್ತು ಅದೊಂದೇ. ಮುಚ್ಚಲು ಎಷ್ಟೋ ಸಲ ಹೋಗಿದ್ದೇನೆ... ಹತ್ತಿಕಾಳಿನ ವಾಸನೆ ಬರುತ್ತದೆ. ಅಕ್ಕ ನನಗೆ ರೊಟ್ಟಿ ಮುರಿದು ಉಣಿಸಿದವಳು, ನನಗೇನೂ ಮಾಡಲಾರಳು. ಆದರೂ ಆ ಫ್ಯಾನಿನ ಹತ್ತಿರ ನನ್ನ ಬೆರಳು ಹೋಗುವುದಿಲ್ಲ.