ಶ್ರೀ ಇಲ್ಲದ ಕಾಗದ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಪೆನ್ಸಿಲ್ಲಿನ ಮಸಿ ಹತ್ತಿ ಕಪ್ಪಾಗಿರುತ್ತಿದ್ದವು. ಹಳೆಯ ಸರಕಾರಿ ಕಾಗದಗಳನ್ನು ಓದಲು ಕೊಡುವ ಕಚೇರಿಯೊಳಕ್ಕೆ ಪೆನ್ನು ಬಿಡುವುದಿಲ್ಲ. ಹಾಗಾಗಿ ಅಂಗಿಯ ಜೇಬಿನ ತುಂಬ ಮೋಟು ಪೆನ್ಸಿಲ್ಲುಗಳು. ವಿಲಾಯತಿಯ ಫೆಲ್ಥಮ್‌ನಲ್ಲಿ ಅವರು ನಮ್ಮ ಕೆಳಗಿನ ಫ್ಲಾಟಿನವರು, ಧಾರವಾಡದ ಕಡೆಯವರು. ಏರ್‌ಪೋರ್ಟಿನ ಕೆಲಸದಿಂದ ನಿವೃತ್ತರಾದ ಮೇಲೆ ಈ ಹುಚ್ಚು ಹಿಡಿದಿತ್ತು. ನಾನು ಉಡುಪಿ ಕಡೆಯ ಕ್ರೈಸ್ತ ಮನೆಯವಳು, ಮನೆಮಾತು ಕೊಂಕಣಿ. ಆದರೂ ಅವರನ್ನು ಎಲ್ಲರಂತೆ ಕಾಕಾ ಎಂದೇ ಕರೆಯುತ್ತಿದ್ದೆ.

ಮಹಾಯುದ್ಧಕ್ಕೆ ಮೊದಲು ಎರಡು ದೇಶಗಳ ವಿದೇಶಾಂಗ ಇಲಾಖೆಯ ಇಬ್ಬರು ಹಿರಿಯ ಅಧಿಕಾರಿಗಳು ಬರೆದುಕೊಂಡ ಪತ್ರಗಳನ್ನು ಅವರು ಕನ್ನಡಕ್ಕೆ ಇಳಿಸುತ್ತಿದ್ದರು. ಯಾರು ಓದುತ್ತಾರೆ ಎಂದರೆ, "ನೀ ಓದ್ತೀಯಲ್ಲ, ಸಾಕು" ಎನ್ನುವರು. ಯಾವ ಪತ್ರವೇ ಇರಲಿ, ಮೊದಲು ಮೇಲಿನ ಸಾಲು, ಆಮೇಲೆ ಕೊನೆಯ ಸಾಲು ನೋಡುವರು. "ನಡುವಿಂದೆಲ್ಲಾ ಸರಕಾರದ್ದು. ಮ್ಯಾಲಿಂದು, ಕೆಳಗಿಂದು ಮನಶ್ಯಾಂದು." ವರ್ಷಗಟ್ಟಲೆ 'ಪ್ರಿಯ ಗೆಳೆಯ' ಎಂದು ಬರೆದವರು ಒಂದು ದಿನ 'ಮಹನೀಯರೇ' ಎಂದರಂತೆ. "ತೋಪು ಆಮ್ಯಾಲೆ ಹಾರಿದ್ವು. ಮೊದಲ ಗೆಳೆಯಾ ಅನ್ನೂದು ಬಿಟ್ರು."

ಇದನ್ನು ಹೇಳುವಾಗ ಅವರ ಮುಖ ಸಣ್ಣದಾಗುತ್ತಿತ್ತು. ಊರಿನ ಇನ್ನೊಂದು ತುದಿಯ ಎಜ್‌ವೇರ್‌ನಲ್ಲಿದ್ದ ಅವರ ತಮ್ಮ, ತಾಯಿಯ ತಿಥಿಯ ವಿಷಯಕ್ಕೆ ಮುನಿದು, 'ಮಾನ್ಯರೇ' ಎಂದು ಕಾಗದ ಬರೆದಿದ್ದರು. ಒಡಹುಟ್ಟಿದ ಅಣ್ಣನಿಗೆ ಮಾನ್ಯರೇ. ಅಂದಿನಿಂದ ಮಾತಿಲ್ಲ, ಫೋನು ಮಾಡಿದರೆ ಎತ್ತುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕಾನ ಕಣ್ಣು ಪೂರ್ತಿ ಮಂಜಾಯಿತು, ಎದೆಯೂ ಸೋತಿತು. ತಮ್ಮನಿಗೆ ಒಂದು ಕಾಗದ ಬರೆದುಕೊಡು ಎಂದರು. ನಮ್ಮಲ್ಲಿ ಕಾಗದದ ತಲೆಗೆ ಶಿಲುಬೆ ಹಾಕುವ ರೂಢಿ. ಅವರ ಕಾಗದಕ್ಕೆ ನಮ್ಮ ಶಿಲುಬೆ ಯಾಕೆಂದು ಮೇಲೆ ಖಾಲಿ ಬಿಟ್ಟೆ. ಅವರು ನಗುತ್ತಾ, ಆ ಅಧಿಕಾರಿಗಳ ಧಾಟಿಯಲ್ಲೇ ಶುರುಮಾಡಿದರು: "ತಮ್ಮಾ, ತಿಳಿಸಲು ವಿಷಾದವಾಗುತ್ತದೆ. ನಿನ್ನ ಅಣ್ಣ ಇನ್ನೂ ಬದುಕ್ಯಾನ. ಒಮ್ಮೆ ಬಂದು ಜಗಳಾಡಿ ಹೋಗು."

ಮೂರು ವಾರ ದಿನಾ "ಟಪಾಲ ಬಂತೇನು?" ಎಂದು ಕೇಳಿದರು. ಬರಲಿಲ್ಲ. ನಾಲ್ಕನೆಯ ವಾರ ತೀರಿಹೋದರು.

ದಹನದ ದಿನ ತಮ್ಮ ಬಂದಿದ್ದರು. ನಾನು ಕಾಗದದ ಮಾತೆತ್ತಿದಾಗ ಅವರ ಹೆಂಡತಿ ಬಿಳಿಚಿಕೊಂಡರು.

"ಮ್ಯಾಲೆ ಶ್ರೀ ಇರಲಿಲ್ಲ. ಸಾವಿನ ಕಾಗದಕ್ಕಷ್ಟ ಶ್ರೀ ಬರಿಯೂದಿಲ್ಲ. ವಿಷಾದ ಅಂತ ಬ್ಯಾರೆ ಇತ್ತು. ಊರಾಗ ಯಾರೋ ಹೋಗ್ಯಾರ ಅಂದ್ಕೊಂಡೆ. ಇವರಿಗೆ ಹಾರ್ಟ್ ಆಪರೇಶನ್ ಆಗಿ ಎಂಟು ದಿನ ಆಗಿತ್ತು. ಸುಧಾರಿಸಿದ ಮ್ಯಾಲೆ ಹೇಳಿದರಾತು ಅಂತ ಮುಂದ ಓದಲಿಲ್ಲ, ಹರದು ಸ್ನಾನಾ ಮಾಡಿಬಿಟ್ಟೆ."

ಶ್ರೀ ಎಂಬುದನ್ನು ಯಾರೂ ಹೇಳಿ ಬರೆಸುವುದಿಲ್ಲವಂತೆ, ಬರೆಯುವವರಿಗೆ ಗೊತ್ತಿರುತ್ತದಂತೆ. ನನಗೆ ಗೊತ್ತಿರಲಿಲ್ಲ. ಕಾಕಾ, ತಮ್ಮ ತನ್ನನ್ನು ಬೇಡವೆಂದ ಎಂದುಕೊಂಡೇ ಹೋದರು. ಈ ಪಾಪವನ್ನು ಪಾದ್ರಿಗಳ ಮುಂದೆ ಹೇಳಿಕೊಂಡರೂ ಹಗುರಾಗಿಲ್ಲ.

"ಏನ ಬರಿಸಿದ್ದ? ಹಂಗ ಬರದು ಕೊಡವ್ವಾ" ಎಂದರು ತಮ್ಮ, ಆ ದಿನ ಅಲ್ಲೇ. ಕಾಕಾನ ಒಂದು ಮೋಟು ಪೆನ್ಸಿಲ್ಲು ನನ್ನ ಬ್ಯಾಗಿನಲ್ಲಿತ್ತು. ಒಂದು ಹಾಳೆ ತೆಗೆದು ಎಲ್ಲಕ್ಕಿಂತ ಮೊದಲು ಶ್ರೀ ಎಂದು ಬರೆದೆ. ಅವರು ನನ್ನ ಕೈ ಹಿಡಿದರು.

"ಇವತ್ತ ಅದನ್ನ ಬರಿಯೂಹಂಗಿಲ್ಲವ್ವಾ" ಎಂದರು.