ಕೋರ್ಟಿನಲ್ಲಿ ಎದ್ದು ನಿಂತ ಸೋದರಮಾವ

ಬೆಳ್ತಂಗಡಿಯ ಕೋರ್ಟಿನಲ್ಲಿ ನ್ಯಾಯಾಧೀಶರು, "ಹುಡುಗಿಯ ಜವಾಬ್ದಾರಿ ಯಾರದು?" ಎಂದು ಕೇಳಿದಾಗ ನಾನು ತಟ್ಟನೆ ಎದ್ದು ನಿಂತೆ. ಹುಡುಗಿಯ ತಾಯಿ, ಅಂದರೆ ನನ್ನ ತಂಗಿ, ಪಕ್ಕದಲ್ಲೇ ಕುಳಿತಿದ್ದಳು. ಅವಳಿಂದ ಬೇರೆಯಾದ ಗಂಡ ಆಚೆ ಬದಿಯ ಬೆಂಚಿನಲ್ಲಿದ್ದ. ಅವರಿಬ್ಬರೂ ಏಳಲಿಲ್ಲ. ನಾನು ಎದ್ದೆ, ಮತ್ತು ಏಳುವುದು ನನ್ನದೇ ಕೆಲಸ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

"ನೀವ್ಯಾರು?"

"ಸೋದರಮಾವ ಸ್ವಾಮಿ. ಹುಡುಗಿ ನಮ್ಮ ಮನೆಯವಳು."

"ತಂದೆ ತಾಯಿ ಇಬ್ರೂ ಇದ್ದಾರಲ್ರೀ. ಮಾವನಿಗೇನು ಕೆಲಸ ಇಲ್ಲಿ? ಕೂತ್ಕೊಳ್ಳಿ."

ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರಿಗೆ ನಮ್ಮ ಸಂಗತಿ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಆ ಮನೆಯ ಯಜಮಾನಿಕೆ ತಾಯಿಯ ಅಣ್ಣನದು. ಅಪ್ಪನೆಂದರೆ ಜಗಲಿಯಲ್ಲಿ ಕುರ್ಚಿ ಹಾಕಿ ಬೆಲ್ಲ ನೀರು ಕೊಡಬೇಕಾದ ನೆಂಟ. ಇದಕ್ಕೆ ಅಳಿಯಕಟ್ಟು ಎನ್ನುತ್ತೇವೆ. ಕಿವಿ ಚುಚ್ಚಿಸುವಾಗ ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡವನು ನಾನು. ಸೈಕಲ್ ಕಲಿಸಲು ಹೋಗಿ ಅವಳನ್ನು ನೀರು ಹರಿಯುವ ತೋಡಿಗೆ ಬೀಳಿಸಿದವನೂ ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ಕಟ್ಟಿದವರಿಗೆ ಸೋದರಮಾವಂದಿರ ವಿಷಯ ತಿಳಿದಿರಲಿಲ್ಲ.

ಅವಳ ಅಪ್ಪ ಆ ಕಾಲದಲ್ಲೆಲ್ಲ ದುಬೈಯಲ್ಲಿದ್ದ. ಸಂಸಾರ ಮುರಿದ ಮೇಲೆ ಊರಿಗೆ ಮರಳಿ ಮೂಡುಬಿದಿರೆಯಲ್ಲಿ ಹೋಟೆಲು ತೆರೆದು, ಮಗಳು ತನ್ನ ಬಳಿ ಇರಬೇಕೆಂದು ಅರ್ಜಿ ಹಾಕಿದ. ಅವಳು ಹೋಗಿಬಿಟ್ಟರೆ ಎಂಬ ಹೆದರಿಕೆಗೆ ನನಗೆ ಊಟವೇ ಸೇರುತ್ತಿರಲಿಲ್ಲ. ಹೆದರಿಕೆಯಾದರೆ ನಾನು ಬೈಯುವ ಜಾತಿ. ಆ ದಿನಗಳಲ್ಲಿ ಮನೆಯ ಬೆಕ್ಕನ್ನೂ ಬಿಡಲಿಲ್ಲ.

ಕೋರ್ಟಿನ ಹೊರಗೆ, ಬಂಟ್ವಾಳದಿಂದ ಬರುತ್ತಿದ್ದ ನಮ್ಮ ವಕೀಲರು ತಲೆ ಚಚ್ಚಿಕೊಂಡರು. "ಎಂಥ ಮಾಡಿದ್ದು ಮಾರಾಯ್ರೆ ನೀವು? ಅಳಿಯಕಟ್ಟು ಎಲ್ಲ ಮನೆಯಲ್ಲಿ. ಕಾನೂನು ನೋಡುವುದು ಅಪ್ಪನನ್ನು, ಅಮ್ಮನನ್ನು, ಎಲ್ಲಕ್ಕಿಂತ ಮೊದಲು ಮಗುವಿನ ಒಳಿತನ್ನು. ಮಾವನಿಗೆ ಅದ್ರಲ್ಲಿ ಜಾಗ ಇಲ್ಲ."

"ಹಾಗಾದ್ರೆ ನಾನು ಇಷ್ಟು ವರ್ಷ ನೋಡಿಕೊಂಡದ್ದು?"

"ಅದು ನಿಮ್ಮ ಖುಷಿ. ಅದಕ್ಕೆ ಸೆಕ್ಷನ್ ಇಲ್ಲ."

ನ್ಯಾಯಾಧೀಶರು ಹುಡುಗಿಯನ್ನು ತಮ್ಮ ಕೋಣೆಗೆ ಕರೆದು ಮಾತಾಡಿಸಿದರು. ಹೊರಗೆ ಬಂದವಳು ನನ್ನ ಮುಖ ನೋಡದೆ, "ಅಮ್ಮನ ಹತ್ರ ಇರ್ತೇನೆ, ಆದ್ರೆ ಅಪ್ಪನೂ ಬೇಕು ಅಂತ ಹೇಳಿದೆ" ಎಂದಳು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ?

ಆದೇಶವೂ ಹಾಗೆಯೇ ಬಂತು. ಹದಿನೆಂಟು ತುಂಬುವವರೆಗೆ ಮಗಳು ತಾಯಿಯ ಜೊತೆ ಇರುವುದು, ಖರ್ಚಿನಲ್ಲಿ ತಂದೆ ಪಾಲು ಕೊಡುವುದು, ಶನಿವಾರ ಭಾನುವಾರ ಅವಳನ್ನು ತಂದೆಯ ಬಳಿ ಕಳಿಸುವುದು. ತಂಗಿಗೆ ಶನಿವಾರವೂ ಕೆಲಸ. ಆದ್ದರಿಂದ ಅಳದಂಗಡಿಯ ನಮ್ಮ ಮನೆಯಿಂದ ಗುರುವಾಯನಕೆರೆಯವರೆಗೆ ಹುಡುಗಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಅಲ್ಲಿಗೆ ಕಾರಿನಲ್ಲಿ ಬರುವ ಅವಳ ಅಪ್ಪನಿಗೆ ಒಪ್ಪಿಸುವ ಕೆಲಸ ಕಾನೂನಿನಲ್ಲಿ ಜಾಗವಿಲ್ಲದ ನನ್ನ ಪಾಲಿಗೇ ಬಂತು.

ಮೊದಲ ಶನಿವಾರ ಅವನ ಕಾರಿನ ಕಿಟಕಿಗೆ ಬಗ್ಗಿ ಆಜ್ಞೆ ಮಾಡಿದೆ. "ತಿರುವಿನಲ್ಲಿ ಇವಳಿಗೆ ವಾಂತಿ ಬರ್ತದೆ. ಎದುರಿನ ಸೀಟಿನಲ್ಲಿ ಕೂರಿಸಿ. ಲಿಂಬೆಹಣ್ಣು ಕೈಯಲ್ಲಿರಬೇಕು."

ಅವನು ತಲೆಯಾಡಿಸಿದ. ಮರುವಾರ ನೋಡಿದರೆ ಸ್ಟೇರಿಂಗಿನ ಪಕ್ಕದಲ್ಲಿ ಲಿಂಬೆಹಣ್ಣು ಇತ್ತು. ನನಗೆ ಸಿಟ್ಟೇ ಬಂತು. ಮನುಷ್ಯ ಹೇಳಿದ ಮಾತು ಕೇಳಿದರೆ ಅವನನ್ನು ಬೈಯುವುದು ಹೇಗೆ?

ಈ ವರ್ಷ ಅವಳಿಗೆ ಹದಿನೆಂಟು ತುಂಬಿತು. ಮುಂದಿನ ಶನಿವಾರ ನಾನು ಸ್ಕೂಟರಿಗೆ ಹೊದಿಕೆ ಹಾಕಿ, ಪೇಪರು ಬಿಡಿಸಿ, ಗೆದ್ದವನ ಗತ್ತಿನಲ್ಲಿ ಜಗಲಿಯಲ್ಲಿ ಕುಳಿತೆ. ಅವಳು ಎಂದಿನಂತೆ ಚೀಲ ಹೆಗಲಿಗೇರಿಸಿಕೊಂಡು ಬಂದಳು.

"ಮಾವ, ಹೋಗುವ."

"ಎಲ್ಲಿಗೆ? ಆರ್ಡರ್ ಮುಗಿಯಿತು. ಇನ್ನು ಕಳಿಸಬೇಕು ಅಂತ ಇಲ್ಲ."

"ಮುಗಿದದ್ದು ಆರ್ಡರ್. ಅಪ್ಪ ಮುಗಿಯಲಿಲ್ಲ ಅಲ್ವಾ?"

ನಾನು ಪೇಪರಿನಿಂದ ಮುಖ ಎತ್ತಲಿಲ್ಲ. ಅವಳು ಪೇಪರನ್ನು ಮೆಲ್ಲಗೆ ಕೆಳಕ್ಕೆ ಸರಿಸಿದಳು.

"ನಿಮಗೆ ಯಾವತ್ತೂ ಆರ್ಡರ್ ಇರ್ಲಿಲ್ಲ ಮಾವ. ನೀವು ನನ್ನನ್ನು ಬಿಟ್ರಾ?"

ಕಣ್ಣು ತುಂಬಿತು. ಬೆಕ್ಕಿಗೆ ಬೈದು ಎದ್ದೆ, ಸ್ಕೂಟರಿನ ಹೊದಿಕೆ ತೆಗೆದೆ.

ಗುರುವಾಯನಕೆರೆಯಲ್ಲಿ ಅವನು ಕಾರಿನ ಹೊರಗೆ ನಿಂತು ನಾವು ಬರುವ ದಾರಿಯನ್ನೇ ನೋಡುತ್ತಿದ್ದ. ಆದೇಶ ಮುಗಿದದ್ದು ಅವನಿಗೂ ಗೊತ್ತಿತ್ತು. ಮಗಳು ಬಂದಾಳೆಂಬ ಧೈರ್ಯವಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅವಳು ಇಳಿದು ಹೋಗಿ ಎದುರಿನ ಸೀಟಿನಲ್ಲಿ ಕುಳಿತಳು.

"ಲಿಂಬೆಹಣ್ಣು ಉಂಟಾ?" ಎಂದು ಗದರಿಸಿದೆ.

"ಉಂಟು ಭಾವ" ಎಂದ. ಸಂಸಾರ ಮುರಿದ ಮೇಲೆ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.