ಗಿರಣಿ ಅಕ್ಕನ ಕೊರಿಯಾ ಕತೆ

ಮೊನ್ನೆ ಬೀದರಿನ ಮನೆಯಲ್ಲಿ, ಆಗಷ್ಟೇ ಬೀಸಿ ತಂದ ಜೋಳದ ಹಿಟ್ಟಿನ ಡಬ್ಬಿ ತೆರೆದಾಗ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಭಾಲ್ಕಿಯ ಗಿರಣಿ ಅಕ್ಕ ನೆನಪಾದಳು. ಅಂದಿನಿಂದ ಕೈ ಒಂದು ಕೆಲಸದಲ್ಲೂ ನಿಲ್ಲುತ್ತಿಲ್ಲ…

ಆಗ ನಾವು ಭಾಲ್ಕಿಯಲ್ಲಿ ಬಾಡಿಗೆಗಿದ್ದೆವು. ಎದುರಿಗೇ ಅವಳ ಗಿರಣಿ. ಹಿಟ್ಟು ಹೊಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೊಬೈಲಿನಲ್ಲಿ ಕೊರಿಯಾದ ಕಾಮಿಕ್ಸ್ ಕತೆಗಳನ್ನು ಹಿಂದಿಯಲ್ಲಿ ಓದುತ್ತಿದ್ದಳು. ಒಬ್ಬರ ಜೋಳ ಮುಗಿದು ಇನ್ನೊಬ್ಬರದು ಸುರಿಯುವ ನಡುವೆ ಮಷೀನು ನಿಲ್ಲಿಸಿ, ಸರದಿಗೆ ಕೂತ ನಮಗೆಲ್ಲ ಹೇಳುತ್ತಿದ್ದಳು. ಅಂಥ ಒಂದು ಕತೆಯಲ್ಲಿ ತಮ್ಮನ ಕೈಯಿಂದ ಕೊಲೆಯಾಗಿದೆ. ಅಕ್ಕ ಅವನ ಅಂಗಿ ತೊಳೆದು, ಅವನು ಮನೆಯಲ್ಲೇ ಇದ್ದನೆಂದು ಪೊಲೀಸರಿಗೆ ಸುಳ್ಳು ಹೇಳುತ್ತಾಳೆ. ಸತ್ತವನ ತಾಯಿಗೆ ದಿನಾ ಊಟವನ್ನೂ ಒಯ್ಯುತ್ತಾಳೆ.

"ನಮ್ಮ ಸೀರಿಯಲ್‌ದಾಗ ಕೆಟ್ಟಾಕಿ ಬಂದ್ರ ಮೊದ್ಲೇ ಬಾಜಾ ಬಡಿತದ. ಇದ್ರಾಗ ಯಾರ್ ಕೆಟ್ಟವರು ಅಂತ ತಿಳಿಯಂಗೇ ಇಲ್ರಿ. ನೀವಾಗಿದ್ರ ಏನ್ ಮಾಡ್ತಿದ್ರಿ?"

"ತಮ್ಮ ಅಂದ್ಮ್ಯಾಲ ಮುಚ್ಚೇ ಮುಚ್ತೀವಿ. ನೀ ಮಷಿನ್ ಚಾಲೂ ಮಾಡವ್ವ, ಕೊರಿಯಾ ಎಲ್ಲಿ ಓಡಿ ಹೋಗ್ತದ," ಎಂದು ಓಣಿಯ ಮುದುಕಿಯೊಬ್ಬಳು ನಗಿಸುತ್ತಿದ್ದಳು. ನಾವೂ ಹೂಂ ಅನ್ನುತ್ತಿದ್ದೆವು.

ಆ ದಿನಗಳಲ್ಲೇ ಖಟಕ ಚಿಂಚೋಳಿ ರಸ್ತೆಯಲ್ಲಿ ಟೆಂಪೋವೊಂದು ಕುರಿ ಕಾಯುವವನಿಗೆ ಹಾಯ್ದು, ನಿಲ್ಲದೆ ಹೋಗಿತ್ತು. ಅವನು ಉಳಿಯಲಿಲ್ಲ. ಗಿರಣಿ ಅಕ್ಕನ ತಮ್ಮನೂ ಟೆಂಪೋ ಓಡಿಸುತ್ತಿದ್ದ. ಪೊಲೀಸರು ಗಿರಣಿಗೇ ಬಂದು ವಿಚಾರಿಸಿದರು. ತಾನು ಮನೆಯಲ್ಲೇ ಇದ್ದೆನೆಂದ ತಮ್ಮ. ಅವಳು ಮಷೀನು ನಿಲ್ಲಿಸಿ, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು.

"ಇಂವ ಮನ್ಯಾಗ ಇರ್ಲಿಲ್ರಿ. ಬಂದಾಂವ್ನೇ ಗಾಡಿ ತೊಳದಾನ. ನಾ ನೋಡೀನಿ."

ತಮ್ಮ ಜೈಲಿಗೆ ಹೋದ. ಓಣಿ ಅವಳ ಗಿರಣಿ ಬಿಟ್ಟಿತು. "ಒಡಹುಟ್ಟಿದಾಂವನ್ನೇ ಬೀಸಿ ಹಾಕಿದ್ಲು," ಎಂದಳು ಅದೇ ಮುದುಕಿ.

ನಾನು ಹೋಗುತ್ತಲೇ ಇದ್ದೆ. ಸರದಿಯೇ ಇರುತ್ತಿರಲಿಲ್ಲ. ಆ ಕೊರಿಯಾ ಕತೆಯ ಅಕ್ಕ ಏನಾದಳೆಂದು ಒಮ್ಮೆ ಕೇಳಿದೆ.

"ಇನ್ನಾ ಸುಳ್ಳೇ ಹೇಳ್ಲಿಕತ್ಯಾಳ್ರಿ… ಯಾಕೋ, ಅಕಿ ಮ್ಯಾಲ ಸಿಟ್ಟೇ ಬರವಲ್ದು."

ಆಮೇಲೆ ಗಿರಣಿ ಮುಚ್ಚಿ ಔರಾದಿಗೆ ಹೋದಳು. ಅಲ್ಲೇ ತೀರಿಕೊಂಡಳೆಂಬ ಸುದ್ದಿಯೂ ಬಂತು.

ಮೊನ್ನೆಯಿಂದ ಮಗಳ ಮೊಬೈಲಿನಲ್ಲಿ ಅದೇ ಕತೆ ಓದುತ್ತಿದ್ದೇನೆ. ಕತೆಯೊಳಗಿನ ಅಕ್ಕ ಈಗ ಪೊಲೀಸ್ ಠಾಣೆಯ ಮೆಟ್ಟಿಲ ತನಕ ಬಂದಿದ್ದಾಳೆ. ಮುಂದಿನ ಚಿತ್ರಕ್ಕೆ ಬೆರಳು ಏಳುತ್ತಿಲ್ಲ. ಕುರಿ ಕಾಯುವವನ ಮನೆಯವರು ಕಣ್ಮುಂದೆ ಬಂದರೆ ನಿಜ ಹೇಳಿಬಿಡು ಅನಿಸುತ್ತದೆ. ಖಾಲಿ ಗಿರಣಿಯಲ್ಲಿ ಕೂತಿದ್ದವಳು ನೆನಪಾದರೆ, ಬೇಡ ಮಾರಾಯ್ತಿ, ತಿರುಗಿ ಮನೆಗೆ ಹೋಗು ಅನಿಸುತ್ತದೆ… ಗಿರಣಿ ಅಕ್ಕನನ್ನೇ ಕೇಳೋಣವೆಂದರೆ ಅವಳಿಲ್ಲ. ನಾದಿಟ್ಟ ಹಿಟ್ಟು ಪರಾತದಲ್ಲಿ ಹಾಗೇ ಒಣಗುತ್ತಿದೆ.